ಬಿರುಕು ಬಿಟ್ಟ ಸೈಕಲ್ಲು, ಕೊಟ್ಟಿಗೆಯಲ್ಲಿದ್ದ ಸೈಕಲ್ಲು

‘ಟಕ್... ಟಕ್...’ ಸದ್ದು ಶುರುವಾಗಿ ಹದಿನೈದು ದಿನವಾಗಿತ್ತು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದು ಪೆಡಲ್ ಒತ್ತಿ ತುಳಿದಾಗ ಮಾತ್ರ ಸೈಕಲ್ಲಿನ ಹೊಟ್ಟೆಯೊಳಗಿಂದ ಯಾರೋ ಬೆರಳಲ್ಲಿ ತಟ್ಟಿದಂತೆ ಕೇಳುತ್ತಿತ್ತು. ಪೆಡಲ್ ಸಡಿಲವಾಗಿರಬೇಕೆಂದು ಬಿಗಿ ಮಾಡಿಸಿದೆ. ಚೈನಿಗೆ ಎಣ್ಣೆ ಬಿಟ್ಟೆ. ಸೀಟಿನ ಬೋಲ್ಟ್ ತಿರುಗಿಸಿದೆ. ಸದ್ದು ಹೋಗಲಿಲ್ಲ.

ಒಂದು ಭಾನುವಾರ ಸೈಕಲ್ ತೊಳೆಯಲು ಕೂತೆ. ಹ್ಯಾಂಡಲ್ಲಿನ ಕೆಳಗೆ, ಕೆಳಗಿನ ದಪ್ಪ ಕೊಳವೆ ಮುಂದಿನ ಗಿಡ್ಡ ಕೊಳವೆಗೆ ಸೇರುವ ಜಾಗದ ಅಡಿಯಲ್ಲಿ ದುಂಡನೆಯ ಸ್ಟಿಕ್ಕರ್ ಒಂದಿತ್ತು. ನೀರು ತಾಗಿ ಅದರ ಅಂಚು ಎದ್ದಿತು, ಎಳೆದು ಕಿತ್ತೆ. ಕೆಳಗೆ ಕೂದಲೆಳೆಯಂಥ ಕಪ್ಪು ಗೆರೆ. ಗೀಚು ಇರಬಹುದೆಂದು ಉಗುರು ಆಡಿಸಿದರೆ ಉಗುರು ಸಿಕ್ಕಿಕೊಂಡಿತು. ಒಂದು ಚೂರು ಹತ್ತಿ ಉಜ್ಜಿದೆ. ಹತ್ತಿಯ ಎಳೆ ಗೆರೆಯಲ್ಲೇ ನಿಂತಿತು. ಅದು ಗೀಚಲ್ಲ, ಬಿರುಕು. ಸುತ್ತಲಿನ ಬಣ್ಣ ಉಳಿದ ಬಣ್ಣಕ್ಕಿಂತ ಒಂದು ಛಾಯೆ ಬೇರೆ ಇತ್ತು. ಅಂದರೆ ನನಗಿಂತ ಮೊದಲೇ ಯಾರೋ ಇದನ್ನು ನೋಡಿದ್ದಾರೆ. ಬಣ್ಣ ಬಳಿದು, ಮೇಲೆ ಸ್ಟಿಕ್ಕರ್ ಅಂಟಿಸಿದ್ದಾರೆ.

ಆ ಸೈಕಲ್ಲನ್ನು ನಾನು ಸೆಕೆಂಡ್ ಹ್ಯಾಂಡ್ ಆಗಿ 5,500 ರೂಪಾಯಿಗೆ ಕೊಂಡಿದ್ದೆ. ಗೇರ್ ಇರುವ, ಹಗುರವಾದ ಅಲ್ಯೂಮಿನಿಯಂ ಸೈಕಲ್. ನನ್ನ ದುಡ್ಡಿನಲ್ಲಿ ಕೊಂಡ ಮೊದಲ ವಸ್ತು ಅದು. ಆಮೇಲೆ ಟಯರ್, ಚೈನ್ ಎಂದು 1,400 ರೂಪಾಯಿ ಸುರಿದಿದ್ದೆ.

ಬಸ್ ಫ್ರೀ ಇದೆಯಲ್ಲ?

‘ಶಕ್ತಿ ಯೋಜನೆ ಇದೆಯಲ್ಲೇ, ಬಸ್ಸಲ್ಲಿ ಹೋಗು, ಸೈಕಲ್ ಯಾಕೆ?’ ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆದರೆ ಬಸ್ಸು ನಮ್ಮ ಊರೊಳಗೆ ಬರುವುದಿಲ್ಲ. ತೂಬಗೆರೆ ಕಡೆಯ ಮುಖ್ಯರಸ್ತೆಗೆ ಎರಡೂವರೆ ಕಿಲೋಮೀಟರ್ ನಡೆಯಬೇಕು. ಬೆಳಿಗ್ಗೆ ಬರುವ ಬಸ್ಸು ತುಂಬಿ ತುಳುಕುತ್ತಿರುತ್ತದೆ, ಕೆಲವು ದಿನ ನಿಲ್ಲಿಸುವುದೇ ಇಲ್ಲ. ಬಿ.ಕಾಂ. ಮುಗಿಸಿ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಎಂಟೂವರೆಗೆ ಪಂಚ್ ಮಾಡಬೇಕು. ಮನೆಯಿಂದ 12 ಕಿಲೋಮೀಟರ್.

ಬೆಳಗಿನದಕ್ಕಿಂತ ಸಂಜೆಯದು ದೊಡ್ಡ ತೊಂದರೆ. ಕೆಲಸ ಮುಗಿಸಿ ದೊಡ್ಡಬಳ್ಳಾಪುರದ ಗ್ರಂಥಾಲಯದಲ್ಲಿ ಒಂದೂವರೆ ಗಂಟೆ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ. ಮನೆಯಲ್ಲಿ ಓದಲು ಜಾಗವೂ ಇಲ್ಲ, ಬಿಡುವೂ ಇಲ್ಲ. ಗ್ರಂಥಾಲಯದಿಂದ ಹೊರಬರುವ ಹೊತ್ತಿಗೆ ನಮ್ಮ ಕಡೆಯ ಬಸ್ಸು ಹೋಗಿರುತ್ತದೆ. ಸೈಕಲ್ ಇದ್ದರೆ ಆ ಒಂದೂವರೆ ಗಂಟೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ಮುಂದಿನ ಕೆಲಸ ಆ ಒಂದೂವರೆ ಗಂಟೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಹಾಗಾಗಿ ಸೋಮವಾರವೇ ರಜೆ ಹಾಕಿ, ಸೈಕಲ್ ತಳ್ಳಿಕೊಂಡು ಪೇಟೆಗೆ ಹೋದೆ.

ಮೂರು ಬಾಯಿ, ಮೂರು ಮಾತು

ಮೊದಲು ಸಿಕ್ಕಿದ್ದು ವೆಲ್ಡಿಂಗ್ ಶಾಪ್. ಗೇಟು, ಗ್ರಿಲ್ಲು, ಮಗ್ಗದ ಬಿಡಿಭಾಗ ಎಲ್ಲವನ್ನೂ ಮಾಡುವ ಅಂಗಡಿ. ‘ಅಲ್ಯೂಮಿನಿಯಂ ತಾನೇ? ಆರ್ಗಾನ್ ಹಾಕಿ ಹೊಡೆದುಕೊಡ್ತೀನಿ ಬಿಡಮ್ಮ, ಐನೂರು ಕೊಡಿ. ಸಂಜೆಗೆ ರೆಡಿ’ ಎಂದರು.

ಪಕ್ಕದ ಬೀದಿಯ ಸೈಕಲ್ ಶೋರೂಮಿನ ಹುಡುಗ ಬಿರುಕನ್ನು ಸರಿಯಾಗಿ ನೋಡಲೂ ಇಲ್ಲ. ‘ಮೇಡಂ, ಫ್ರೇಮ್ ಹೋದ್ರೆ ಸೈಕಲ್ ಹೋದಂಗೆ. ಹೊಸದು ತಗೊಳ್ಳಿ, ಕಂತಿನ ಸೌಲಭ್ಯ ಇದೆ’ ಎಂದ. ಅದೇ ದರ್ಜೆಯ ಗೇರ್ ಸೈಕಲ್ಲಿಗೆ 12,000. ಅಂದರೆ ನನ್ನ ಒಂದು ತಿಂಗಳ ಸ್ಟೈಪೆಂಡ್ ಪೂರ್ತಿ ಹೋಗಿ, ಇನ್ನೂ ಸಾಲದು.

ಫ್ರೇಮ್ ಮಾತ್ರ ಸಿಗುತ್ತದೆಯೇ ಎಂದು ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಸಿಗುತ್ತದೆ, 4,500 ಎಂದರು. ಆಮೇಲೆ ಒಂದೊಂದೇ ಪ್ರಶ್ನೆ ಬಂದವು: ಸೀಟಿನ ಕಂಬಿಯ ದಪ್ಪ ಎಷ್ಟು? ಪೆಡಲ್ ಆಕ್ಸಲ್ ಕೂರುವ ಕೊಳವೆಯ ಅಗಲ ಎಷ್ಟು? ಹ್ಯಾಂಡಲ್ ತಿರುಗುವ ಕಪ್ ಯಾವ ಅಳತೆ? ಡಿಸ್ಕ್ ಬ್ರೇಕೋ, ರಿಮ್ ಬ್ರೇಕೋ? ಇವುಗಳಲ್ಲಿ ಒಂದು ತಪ್ಪಿದರೂ ಹಳೆಯ ಭಾಗ ಹೊಸ ಫ್ರೇಮಿಗೆ ಕೂರುವುದಿಲ್ಲ. ಎಲ್ಲ ಬಿಚ್ಚಿ ಜೋಡಿಸಲು ಮತ್ತೆ 1,000. ಒಟ್ಟು 5,500. ನಾನು ಸೈಕಲ್ ಕೊಂಡ ಬೆಲೆಯೇ ಅದು! ಇನ್ನು ವಾರಂಟಿ? ಹೆಚ್ಚಿನ ಕಂಪನಿಗಳು ಫ್ರೇಮ್ ವಾರಂಟಿಯನ್ನು ಬಿಲ್ ಇರುವ ಮೊದಲ ಮಾಲೀಕರಿಗಷ್ಟೇ ಕೊಡುತ್ತವೆ. ನನ್ನ ಬಳಿ ಬಿಲ್ಲೂ ಇಲ್ಲ, ನಾನು ಎಷ್ಟನೇ ಮಾಲೀಕಳೋ ಅದೂ ಗೊತ್ತಿಲ್ಲ.

ಐನೂರು ರೂಪಾಯಿಯ ವೆಲ್ಡಿಂಗೇ ಸರಿ ಎಂದು ಮನಸ್ಸು ಒಲಿಯಿತು. ಆದರೂ ಮರುದಿನ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದ ಹಿರಿಯರೊಬ್ಬರನ್ನು ಊಟದ ಹೊತ್ತಿನಲ್ಲಿ ಕೇಳಿದೆ. ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದೆ. ಅವರು ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದರು.

‘ಇದನ್ನ ಇವತ್ತು ಓಡಿಸ್ಕೊಂಡು ಬಂದ್ಯೇನಮ್ಮ?’

‘ಇಲ್ಲ ಸರ್, ಬಸ್ಸಲ್ಲಿ ಬಂದೆ.’

‘ಒಳ್ಳೇದು. ಹಿಂದೆ ಮುರಿದ್ರೆ ಸೈಕಲ್ ಕುಲುಕಾಡಿ ನಿನಗೆ ಗೊತ್ತಾಗುತ್ತೆ, ಕಾಲು ಊರೋಕೆ ಟೈಮ್ ಸಿಗುತ್ತೆ. ಮುಂದೆ ಮುರಿದ್ರೆ ಮುಖ ಮೊದಲು ನೆಲಕ್ಕೆ.’

ಬೆಸುಗೆ ಹಾಕಿದರೆ ಯಾಕೆ ಸಾಲದು?

ಆ ದಿನ ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಸೇರಿಸಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಜನ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುತ್ತೇವೆ, ಆದ್ದರಿಂದ ಇದು ಗೊತ್ತಿರಬೇಕು.

ಮೊದಲನೆಯದು, ಫ್ರೇಮ್ ಯಾವ ಲೋಹದ್ದು ಎಂಬುದು. ಒಂದು ಸಣ್ಣ ಅಯಸ್ಕಾಂತ ಸಾಕು. ಅಂಟಿದರೆ ಉಕ್ಕು, ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಈ ಎರಡರ ಸ್ವಭಾವವೇ ಬೇರೆ. ಉಕ್ಕಿಗೆ ಒಂದು ಮಿತಿ ಇದೆ. ಆ ಮಿತಿಗಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಹಾಕಿದರೂ ಅದು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಪ್ರತಿ ಗುಂಡಿ, ಪ್ರತಿ ರಸ್ತೆಯುಬ್ಬು ಸ್ವಲ್ಪ ಸ್ವಲ್ಪ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅದಕ್ಕೇ ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳು ಅಷ್ಟು ದಪ್ಪ. ಉಕ್ಕು ಸಾಮಾನ್ಯವಾಗಿ ಬಾಗಿ, ನಿಧಾನವಾಗಿ ಸೀಳಿ ಮುನ್ಸೂಚನೆ ಕೊಡುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಬಿರುಕು ಕಂಡ ಮೇಲೆ ಮುರಿಯುವವರೆಗಿನ ಅವಧಿ ಕಡಿಮೆ.

ಎರಡನೆಯದು ಬಿಸಿಯ ಕಥೆ. ಸೈಕಲ್ಲಿಗೆ ಹೆಚ್ಚಾಗಿ ಬಳಸುವ 6061 ಎಂಬ ಅಲ್ಯೂಮಿನಿಯಮ್ಮಿನಲ್ಲಿ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್ ಬೆರೆತಿರುತ್ತದೆ. ಅದಕ್ಕೆ ಬಲ ಬರುವುದು ಬರೀ ಬೆರೆಸಿದ್ದರಿಂದಲ್ಲ. ಫ್ರೇಮನ್ನು ಬೆಸೆದಾದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 160-175 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಫ್ರೇಮಿನ ಮೇಲೆ ‘6061 ಟಿ6’ ಎಂದು ಬರೆದಿರುವುದರಲ್ಲಿ ಟಿ6 ಎಂದರೆ ಈ ಸಂಸ್ಕಾರ. ಬೆಸುಗೆಯ ಬಿಸಿ ತಾಗಿದ ಕೂಡಲೇ ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಈ ಸಂಸ್ಕಾರ ಕೆಟ್ಟು, ಅಲ್ಲಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ‘ವೆಲ್ಡಿಂಗ್ ಹುಡುಗನ ಕೈ ಚೆನ್ನಾಗೇ ಇರಬಹುದು. ಅವನ ಬೆಸುಗೆ ನಿಲ್ಲುತ್ತೆ. ಅದರ ಪಕ್ಕದಲ್ಲಿ ಹೊಸದಾಗಿ ಬಿಡುತ್ತೆ’ ಎಂದರು ಸರ್. ಮತ್ತೆ ಇಡೀ ಫ್ರೇಮನ್ನು ಒಲೆಗೆ ಹಾಕಿ ಸಂಸ್ಕಾರ ಮಾಡುವವರು ಇದ್ದರೆ ಸರಿ. ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಅಂಥ ಒಲೆ ಎಲ್ಲಿಂದ ಬರಬೇಕು?

‘ಹಾಗಾದ್ರೆ ಉಕ್ಕಿಂದೂ ಹಂಗೇನಾ ಸರ್?’ ಎಂದೆ.

‘ಉಕ್ಕು ಬೇರೆ. ಉಕ್ಕನ್ನ ಕುಲುಮೆಯವನೂ ರಿಪೇರಿ ಮಾಡಬಹುದು’ ಎಂದರು.

ಅದು ಬರೀ ಮಾತಲ್ಲ ಎಂಬುದಕ್ಕೆ ಸೈಕಲ್ ಇತಿಹಾಸದಲ್ಲೇ ಒಂದು ಕಥೆ ಇದೆ. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸ್ಪರ್ಧಿ ತುರ್ಮಲೆ ಎಂಬ ಪರ್ವತದಿಂದ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಬೇರೆ ಸೈಕಲ್ ತೆಗೆದುಕೊಳ್ಳುವಂತಿರಲಿಲ್ಲ, ರಿಪೇರಿಯನ್ನು ಸ್ಪರ್ಧಿಯೇ ಮಾಡಿಕೊಳ್ಳಬೇಕೆಂಬುದು ನಿಯಮ. ಅವನು ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್ ಮರೀ ದ ಕಾಂಪಾನ್ ಎಂಬ ಊರಿನ ಕುಲುಮೆ ತಲುಪಿ, ತಾನೇ ಬೆಂಕಿಯಲ್ಲಿ ಕಾಯಿಸಿ ಬಡಿದು ಫೋರ್ಕ್ ಸರಿಮಾಡಿಕೊಂಡ. ಒಬ್ಬ ಹುಡುಗ ತಿದಿ ಒತ್ತಿದ ಎಂಬ ಕಾರಣಕ್ಕೆ ಅಧಿಕಾರಿಗಳು ಅವನಿಗೆ ದಂಡದ ಸಮಯ ಹಾಕಿದರು! ಆದರೂ ಅವನು ಸ್ಪರ್ಧೆ ಪೂರೈಸಿದ. ಫೋರ್ಕ್ ಉಕ್ಕಿನದಾಗಿದ್ದರಿಂದ ಹಳ್ಳಿಯ ಕುಲುಮೆಯಲ್ಲಿ ಅದಕ್ಕೆ ಮರುಜೀವ ಸಿಕ್ಕಿತು.

ಭಾನುವಾರ ನಂದಿ ಬೆಟ್ಟಕ್ಕೆ ಹೋಗುವ ಬೆಂಗಳೂರಿನವರ ಬಳಿ ಕಾರ್ಬನ್ ಫೈಬರ್ ಸೈಕಲ್‌ಗಳಿರುತ್ತವೆ. ಅದನ್ನೂ ಕಾರ್ಬನ್ ಬಟ್ಟೆ, ರಾಳ ಪದರಪದರವಾಗಿ ಹಾಕಿ ರಿಪೇರಿ ಮಾಡುವ ಪರಿಣತರಿದ್ದಾರೆ. ಆದರೆ ಒಳಗಿನ ಪೆಟ್ಟು ಹೊರಗೆ ಕಾಣದೆಯೂ ಇರಬಹುದಾದ್ದರಿಂದ ಅದು ಅಂದಾಜಿನ ಮೇಲೆ ಮಾಡುವ ಕೆಲಸವಲ್ಲ.

ಲೆಕ್ಕದ ಪುಸ್ತಕ

ನಾನು ಬಿ.ಕಾಂ. ಓದಿದವಳು. ಅಂದು ರಾತ್ರಿ ಹಾಳೆಯೊಂದರಲ್ಲಿ ಗೆರೆ ಎಳೆದು ಲೆಕ್ಕ ಹಾಕಿದೆ. ಸೈಕಲ್ಲಿಗೆ ಈವರೆಗೆ ಹೋದದ್ದು 6,900 ರೂಪಾಯಿ. ‘ಇಷ್ಟು ಹಾಕಿದ್ದೀನಿ, ಇನ್ನೊಂದು ಐನೂರು ಹಾಕಿ ಉಳಿಸಿಕೊಳ್ಳೋಣ’ ಎಂದು ಮನಸ್ಸು ಹೇಳುತ್ತಿತ್ತು. ಕಾಲೇಜಿನಲ್ಲಿ ಮೇಷ್ಟ್ರು ‘ಸಂಕ್ ಕಾಸ್ಟ್’ ಪಾಠ ಮಾಡಿದಾಗ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದಷ್ಟೇ ಬರೆದುಕೊಂಡಿದ್ದೆ. ಹೋದ ದುಡ್ಡು ಹೋಯಿತು. ಇವತ್ತಿನ ತೀರ್ಮಾನಕ್ಕೆ ಅದನ್ನು ಸೇರಿಸಬಾರದು. ಆ 6,900ನ್ನು ಹೊಡೆದುಹಾಕಿದ ಮೇಲೆ ಉಳಿದ ಪ್ರಶ್ನೆ ಒಂದೇ: ಇವತ್ತಿನಿಂದ ಮುಂದಕ್ಕೆ, ಪ್ರತಿ ರೂಪಾಯಿಗೆ ಸುರಕ್ಷಿತವಾಗಿ ಎಷ್ಟು ದಿನ ಓಡಾಡಬಹುದು?

500 ರೂಪಾಯಿ ವೆಲ್ಡಿಂಗ್ ಅಗ್ಗವಾಗಿ ಕಂಡರೂ ಎಷ್ಟು ದಿನ ಬರುತ್ತದೆಂದು ಯಾರೂ ಹೇಳಲಾರರು. ರಾತ್ರಿ ಏಳೂವರೆಗೆ, ದೀಪವಿಲ್ಲದ ರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಹ್ಯಾಂಡಲ್ ಕೈಗೆ ಬಂದರೆ? ಅದನ್ನು ಯಾವ ಕಾಲಂನಲ್ಲಿ ಬರೆಯುವುದು? ಅಲ್ಲಿಗೆ ನನ್ನ ಲೆಕ್ಕ ನಿಂತಿತು.

ಅಪ್ಪ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ‘ಕೊಟ್ಟಿಗೇಲಿ ನಿನ್ನ ಸ್ಕೂಲ್ ಸೈಕಲ್ ಇದೆಯಲ್ಲ ಪುಟ್ಟಿ, ಅದನ್ನ ಒಂದ್ಸಲ ನೋಡಬಾರ್ದಾ?’ ಎಂದರು.

ನನಗೆ ಸಿಟ್ಟು ಬಂತು. ಗೇರ್ ಸೈಕಲ್ ಬಿಟ್ಟು ಆ ತುಕ್ಕು ಹಿಡಿದದ್ದೇ?

ಎಂಟನೇ ಕ್ಲಾಸಿನ ಸೈಕಲ್

ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಯಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೋವಿಡ್ ಕಾಲದಲ್ಲಿ ನಿಂತಿತು. ನನಗೆ ಸಿಕ್ಕಿದ್ದು 2016ರಲ್ಲಿ. ಹೈಸ್ಕೂಲ್ ಮೂರು ವರ್ಷ ಅದರಲ್ಲೇ ಹೋದೆ. ನಮ್ಮ ಪ್ರೈಮರಿ ಶಾಲೆಯ ಕೆಲವು ಹುಡುಗಿಯರು ಏಳನೆಯ ತರಗತಿಗೇ ನಿಲ್ಲದೆ ಮುಂದೆ ಓದಿದ್ದರಲ್ಲಿ ಆ ಸೈಕಲ್‌ಗಳ ಪಾಲೂ ಇದೆ ಎಂದು ನನಗನ್ನಿಸುತ್ತದೆ. ನಾನು ಕಾಲೇಜು ಸೇರಿದ ಮೇಲೆ ಅದು ಅಪ್ಪನ ಪಾಲಾಯಿತು. ಡೇರಿಗೆ ಹಾಲಿನ ಕ್ಯಾನು, ಹೊಲದಿಂದ ಹಸಿಹುಲ್ಲಿನ ಹೊರೆ, ಒಮ್ಮೊಮ್ಮೆ ಗೊಬ್ಬರದ ಮೂಟೆ. ಹುಡುಗಿಯೊಬ್ಬಳು ಪುಸ್ತಕದ ಚೀಲ ಹಾಕಿಕೊಂಡು ಹೋಗಲು ಮಾಡಿದ ಸೈಕಲ್ಲಿನ ಮೇಲೆ ನಾವು ಎತ್ತಿನ ಗಾಡಿಯ ಭಾರ ಹಾಕಿದೆವು. ಒಂದು ದಿನ ಚೈನಿನ ಪಕ್ಕದ ಕಂಬಿ ಪೆಡಲ್ ಜಾಗಕ್ಕೆ ಸೇರುವಲ್ಲಿ ಜಾಯಿಂಟ್ ಬಿಟ್ಟಿತು. ಅಂದಿನಿಂದ ಕೊಟ್ಟಿಗೆಯ ಗೋಡೆಗೆ ಒರಗಿ ನಾಲ್ಕು ವರ್ಷ.

ಅಯಸ್ಕಾಂತ ಹಿಡಿದೆ, ಟಪ್ ಎಂದು ಅಂಟಿತು.

ಪೇಟೆಯ ಹಳೆಯ ಬೀದಿಯಲ್ಲಿ ಐವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವ ತಾತ ಒಬ್ಬರಿದ್ದಾರೆ. ಅಪ್ಪನ ಮೊದಲ ಸೈಕಲ್ಲಿಗೂ ಪಂಚರ್ ಹಾಕಿದವರು. ಹಾಲಿನ ಟೆಂಪೊದಲ್ಲಿ ಸೈಕಲ್ ಹಾಕಿಕೊಂಡು ಅವರಲ್ಲಿಗೆ ಹೋದೆವು. ಅವರು ಏನೂ ಮಾತಾಡದೆ ಫ್ರೇಮನ್ನು ಬೆತ್ತಲೆ ಮಾಡಿದರು. ಪೆಡಲ್ ಆಕ್ಸಲ್ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದರು. ತುಕ್ಕು ಕೆರೆದು, ಸ್ಕ್ರೂಡ್ರೈವರ್ ತುದಿಯಿಂದ ಕೊಳವೆಗಳನ್ನು ಅಲ್ಲಲ್ಲಿ ಒತ್ತಿದರು. ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟರು.

‘ತುಕ್ಕು ಮೇಲೆ ಮೇಲೇ ಐತೆ, ಒಳಗೆ ತಿಂದಿಲ್ಲ. ಬಿಟ್ಟಿರೋದು ಜಾಯಿಂಟು. ಕೊಳವೆ ನಡುಮಧ್ಯ ಸೀಳಿದ್ರೆ ನಾನೇ ಗುಜರಿಗೆ ಹಾಕು ಅಂತಿದ್ದೆ ಕಣಮ್ಮ’ ಎಂದರು.

ಆಮೇಲೆ ಒಂದು ದಾರ ತೆಗೆದರು. ಹಿಂದಿನ ಚಕ್ರ ಕೂರುವ ಒಂದು ಬದಿಯ ಸೀಳಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಕೊಳವೆಯನ್ನು ಬಳಸಿ, ಮತ್ತೆ ಹಿಂದಿನ ಇನ್ನೊಂದು ಬದಿಗೆ ಎಳೆದು ಕಟ್ಟಿದರು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಎಷ್ಟು ಅಂತರವಿದೆ ಎಂದು ಸ್ಕೇಲಿನಲ್ಲಿ ಅಳೆದರು. ಎರಡೂ ಸಮ ಇದ್ದರೆ ಫ್ರೇಮ್ ನೆಟ್ಟಗಿದೆ. ನಮ್ಮದರಲ್ಲಿ ಸ್ವಲ್ಪ ವ್ಯತ್ಯಾಸವಿತ್ತು. ಮರದ ತುಂಡು ಕೊಟ್ಟು ಮೆಲ್ಲಗೆ ಎಳೆದು ಸರಿಮಾಡಿದರು. ಲಕ್ಷಗಟ್ಟಲೆ ಬೆಲೆಯ ಯಂತ್ರದ ಕೆಲಸವನ್ನು ಎರಡು ರೂಪಾಯಿಯ ದಾರ ಮಾಡಿದ್ದನ್ನು ಕಣ್ಣಾರೆ ಕಂಡೆ.

‘ಕರೆಂಟ್ ವೆಲ್ಡಿಂಗ್ ಮಾಡಿಸೋಣ್ವಾ ತಾತ?’ ಎಂದೆ. ಬೈದರು. ಒಂದು-ಒಂದೂವರೆ ಮಿಲಿಮೀಟರ್ ದಪ್ಪದ ಕೊಳವೆಗೆ ಗೇಟಿಗೆ ಹೊಡೆಯುವ ಹಾಗೆ ಕರೆಂಟ್ ಹೊಡೆದರೆ ತೂತು ಬೀಳುತ್ತದಂತೆ. ಪಕ್ಕದ ಗ್ಯಾಸ್ ವೆಲ್ಡಿಂಗಿನವರಲ್ಲಿ ಹಿತ್ತಾಳೆ ಹಾಕಿಸಿದರು. ಜಾಯಿಂಟನ್ನು ಹೊಳೆಯುವಷ್ಟು ಉಜ್ಜಿ, ಬಿಳಿಗಾರ ಹಚ್ಚಿ, ಕೆಂಪಗೆ ಕಾಯಿಸಿ ಹಿತ್ತಾಳೆ ಕಡ್ಡಿ ತಾಗಿಸಿದಾಗ, ಕರಗಿದ ಹಿತ್ತಾಳೆಯನ್ನು ಜಾಯಿಂಟು ತಾನೇ ಒಳಗೆ ಎಳೆದುಕೊಂಡಿತು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು, ಹಿತ್ತಾಳೆಗೆ 900ರ ಆಸುಪಾಸು ಸಾಕು. ಹಾಗಾಗಿ ಕೊಳವೆ ಕರಗುವುದಿಲ್ಲ, ನಡುವೆ ಅಂಟು ಮಾತ್ರ ಕೂರುತ್ತದೆ. ಇಂಥ ಸೈಕಲ್ಲುಗಳ ಜಾಯಿಂಟುಗಳನ್ನು ಮೊದಲಿಂದಲೂ ಬೆಸೆಯುತ್ತಿದ್ದುದೇ ಹೀಗೆ. ತಣ್ಣಗಾಗಲೆಂದು ನಾನು ನೀರು ತರಲು ಹೊರಟರೆ ತಾತ ತಡೆದರು. ‘ತಾನಾಗೇ ಆರಲಿ. ಅವಸರ ಮಾಡಿದ್ರೆ ಗಡಸಾಗಿ ಒಡೆಯುತ್ತೆ.’

ಖರ್ಚು ಬರೆದಿಟ್ಟಿದ್ದೇನೆ. ಹಿತ್ತಾಳೆ ಬೆಸುಗೆ 300, ಎರಡು ಟಯರು-ಟ್ಯೂಬು 950, ಚೈನು 180, ಬ್ರೇಕ್ ರಬ್ಬರು 170, ಗುಂಡು-ಗ್ರೀಸು-ಪೆಡಲು ಮತ್ತು ಕೂಲಿ 350. ಒಟ್ಟು 1,950 ರೂಪಾಯಿ.

ಇನ್ನೊಂದು ಸ್ಟಿಕ್ಕರ್ ಅಂಟಿಸಬಹುದಿತ್ತು

ಅಲ್ಯೂಮಿನಿಯಂ ಸೈಕಲ್ಲನ್ನು ಏನು ಮಾಡುವುದು? ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟವಾದ ತೀರ್ಮಾನ ಇದೇ.

ನನಗೆ ಮಾರಿದವರಿಗೆ ಫೋನ್ ಮಾಡಿದ್ದೆ. ‘ನನಗೂ ಗೊತ್ತಿರಲಿಲ್ಲ ಮೇಡಂ, ನಾನೂ ಇನ್ನೊಬ್ಬರಿಂದ ತಗೊಂಡಿದ್ದು’ ಎಂದರು. ನಿಜವಿರಬಹುದು. ಹಳೆ ಸೈಕಲ್ ಕೊಂಡು ಮಾರುವ ಒಬ್ಬರು ನನಗೆ ನೇರವಾಗಿಯೇ ಹೇಳಿದರು: ‘ಐನೂರಕ್ಕೆ ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡೆದುಬಿಡಿ. ನಾನೇ 3,500ಕ್ಕೆ ತಗೋತೀನಿ.’ ಖರ್ಚು ಕಳೆದು ಮೂರು ಸಾವಿರ ಕೈಗೆ! ಆ ತಿಂಗಳು ಪರೀಕ್ಷೆಯ ಅರ್ಜಿ ಶುಲ್ಕ ಕಟ್ಟಬೇಕಿತ್ತು, ಎರಡು ಪುಸ್ತಕ ಕೊಳ್ಳಬೇಕಿತ್ತು. ಒಂದು ರಾತ್ರಿ ನಾನು ‘ಮಾರಿಬಿಡೋಣ’ ಎಂದೇ ಮಲಗಿದ್ದೆ. ಸುಳ್ಳು ಹೇಳುವುದಿಲ್ಲ.

ಆ ಸೈಕಲ್ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿದೆ. 12,000 ಕೊಡಲಾಗದ, ಹಗುರ ಸೈಕಲ್ ಸಿಕ್ಕಿತೆಂದು ಹಿಗ್ಗುವ ನನ್ನಂಥವರ ಕೈಗೇ. ಉಳ್ಳವರು ಇದನ್ನು ಕೊಳ್ಳುವುದಿಲ್ಲ. ಆ ಗೆರೆಯ ವಿಷಯ ಗೊತ್ತಿದ್ದೂ ದಾಟಿಸಿದರೆ ನನಗೂ, ಮೊದಲು ಸ್ಟಿಕ್ಕರ್ ಅಂಟಿಸಿದವರಿಗೂ ಏನು ವ್ಯತ್ಯಾಸ?

ಚಕ್ರ, ಗೇರು, ಬ್ರೇಕ್, ಹ್ಯಾಂಡಲ್ ಎಲ್ಲ ಬಿಚ್ಚಿಸಿ ಬಿಡಿಭಾಗವಾಗಿ ಮಾರಿದೆ. 1,600 ರೂಪಾಯಿ ಬಂತು. ಅವೆಲ್ಲ ಚೆನ್ನಾಗಿದ್ದವು, ಬೇರೆ ಸೈಕಲ್ಲಿಗೆ ಆಗುತ್ತವೆ. ಲೈಟು, ಬೆಲ್ಲು ಉಳಿಸಿಕೊಂಡೆ. ಖಾಲಿ ಫ್ರೇಮನ್ನು ಯಾರೂ ಬೆಸೆದು ಮಾರದಂತೆ ಬಿರುಕಿನ ಜಾಗದಲ್ಲೇ ಗರಗಸ ಹಾಕಿಸಿ ಎರಡು ತುಂಡು ಮಾಡಿಸಿದೆ. ತುಂಡಾದಾಗ ಒಳಗೆ ನೋಡಿದೆವು. ಹೊರಗೆ ಒಂದು ಇಂಚು ಕಂಡಿದ್ದ ಬಿರುಕು ಒಳಗಡೆ ಕೊಳವೆಯ ಸುತ್ತಳತೆಯ ಮೂರನೇ ಒಂದು ಭಾಗದವರೆಗೆ ಹೋಗಿತ್ತು. ತಾತ ಅದನ್ನು ನೋಡಿ, ‘ದೇವರು ದೊಡ್ಡವನು ಕಣಮ್ಮ’ ಎಂದು ತುಂಡನ್ನು ಪಕ್ಕಕ್ಕಿಟ್ಟರು. ಗುಜರಿಯಲ್ಲಿ 220 ರೂಪಾಯಿ ಸಿಕ್ಕಿತು. ಅಲ್ಯೂಮಿನಿಯಂ ಕರಗಿ ಮತ್ತೇನೋ ಆಗುತ್ತದೆ, ಅದೇನೂ ವ್ಯರ್ಥವಲ್ಲ.

ಬಂದದ್ದು 1,820, ಹೋದದ್ದು 1,950. ನನ್ನ ಕೈಯಿಂದ ಹೋದದ್ದು 130 ರೂಪಾಯಿ.

ಕೊಳ್ಳುವ ಮುನ್ನ ನೋಡಿ

ಈ ಪ್ರಸಂಗದಿಂದ ಕಲಿತ ಕೆಲವು ಮಾತು ಹೇಳುತ್ತೇನೆ, ಹಾಸ್ಟೆಲ್ ಹುಡುಗರಿಗೆ, ಕೆಲಸಕ್ಕೆ ಸೈಕಲ್ ಹುಡುಕುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ಸೆಕೆಂಡ್ ಹ್ಯಾಂಡ್ ಸೈಕಲ್ ನೋಡಲು ಹಗಲು ಹೊತ್ತಿನಲ್ಲೇ ಹೋಗಿ, ಒದ್ದೆ ಬಟ್ಟೆ ಮತ್ತು ಅಯಸ್ಕಾಂತ ಜೊತೆಗಿರಲಿ. ಜಾಯಿಂಟುಗಳ ಮೇಲೆ ಸ್ಟಿಕ್ಕರ್, ಟೇಪ್, ಹೊಸ ಬಣ್ಣ ಇದ್ದರೆ ತೆಗೆದು ತೋರಿಸಲು ಕೇಳಿ. ಬಿರುಕು ಹೆಚ್ಚಾಗಿ ಬರುವುದು ನಾಲ್ಕು ಕಡೆ: ಹ್ಯಾಂಡಲ್ ಕೆಳಗಿನ ಜಾಯಿಂಟು, ಪೆಡಲ್ ಆಕ್ಸಲ್ ಸುತ್ತ, ಸೀಟಿನ ಕಂಬಿ ಹೋಗುವ ಬಾಯಿ, ಹಿಂಚಕ್ರ ಕೂರುವ ಸೀಳು. ಸೀಟನ್ನು ಕಂಬಿಯ ಮೇಲಿನ ಗುರುತು ದಾಟಿ ಮೇಲೆತ್ತಿದರೆ ಆ ಬಾಯಿ ಸೀಳುತ್ತದೆ. ಹ್ಯಾಂಡಲ್ಲಿನ ಹಿಂದೆ ಕೊಳವೆಯಲ್ಲಿ ಬಣ್ಣ ಸುಕ್ಕುಗಟ್ಟಿ ಉಬ್ಬಿದ್ದರೆ ಎದುರಿನಿಂದ ಗುದ್ದಿಸಿದ ಸೈಕಲ್ ಅದು, ಬಿಟ್ಟುಬಿಡಿ.

ಎಲ್ಲ ಹಾನಿಯೂ ಬಿರುಕಲ್ಲ. ಉಕ್ಕಿನ ಕೊಳವೆಯಲ್ಲಿ ಚೂಪು ಮಡಿಕೆಯಿಲ್ಲದ ಸಣ್ಣ ತಗ್ಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಹಿಂದಿನ ಗೇರ್ ತಗುಲಿಹಾಕುವ ಸಣ್ಣ ಕೊಂಡಿ ಬಾಗಿದರೆ ಫ್ರೇಮೇ ಹೋಯಿತೆಂದು ಹೆದರಬೇಡಿ. ಬಹುತೇಕ ಅಲ್ಯೂಮಿನಿಯಂ ಸೈಕಲ್ಲುಗಳಲ್ಲಿ ಅದನ್ನು ಬಿಚ್ಚಿ ಬದಲಿಸಬಹುದು. ಉಕ್ಕಿನ ಜಾಯಿಂಟು ಬಿಟ್ಟರೆ ತಿಳಿದವರ ಕೈಯಲ್ಲಿ ಹಿತ್ತಾಳೆ ಹಾಕಿಸಿ. ಅಲ್ಯೂಮಿನಿಯಂ ಫ್ರೇಮಿನ ಮುಂಭಾಗದಲ್ಲಿ ಬಿರುಕು ಕಂಡರೆ, ಬೆಸುಗೆ ಎಷ್ಟೇ ಅಗ್ಗವಾಗಿರಲಿ, ಅದರ ಮೇಲೆ ಹತ್ತಬೇಡಿ.

ಎರಡು ತಿಂಗಳಾಯಿತು. ಹಳೆಯ ಸೈಕಲ್ ಭಾರ. ಮೊದಲು ನಲವತ್ತು ನಿಮಿಷಕ್ಕೆ ತಲುಪುತ್ತಿದ್ದೆ, ಈಗ ಐವತ್ತೈದು ಬೇಕು. ಗೇರ್ ಇಲ್ಲದ್ದರಿಂದ ಒಂದು ಏರಿನಲ್ಲಿ ಇಳಿದು ತಳ್ಳುತ್ತೇನೆ. ಆಗ ಗೇರ್ ಸೈಕಲ್ ನೆನಪಾಗಿ ಹೊಟ್ಟೆ ಉರಿಯುತ್ತದೆ. ದುಡ್ಡು ಕೂಡಿಸಿ ಒಂದು ದಿನ ಹೊಸದನ್ನೇ ಕೊಳ್ಳುತ್ತೇನೆ, ಬಿಲ್ ಸಮೇತ. ಅಪ್ಪನಿಗೆ ಮಾತ್ರ ಹುಲ್ಲಿನ ಹೊರೆಗೆ ಇದನ್ನು ಕೇಳಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಪ್ರತಿ ಭಾನುವಾರ ಸೈಕಲ್ ಒರೆಸುವಾಗ ಹಿತ್ತಾಳೆ ಹಾಕಿದ ಜಾಗದ ಮೇಲೆ ಉಗುರು ಆಡಿಸುತ್ತೇನೆ. ಅಲ್ಲಿಗೆ ಬಣ್ಣ ಹೊಡೆಸಿಲ್ಲ. ತುಕ್ಕು ಹಿಡಿಯದಿರಲೆಂದು ತೆಳ್ಳಗೆ ಎಣ್ಣೆ ಸವರಿದ್ದೇನೆ, ಅಷ್ಟೇ. ಹಳದಿ ಗೆರೆ ಎಲ್ಲರಿಗೂ ಕಾಣುತ್ತದೆ. ‘ಇಲ್ಲೇನಾಯ್ತು?’ ಎಂದು ಯಾರಾದರೂ ಕೇಳಿದರೆ, ಮುರಿದಿತ್ತು, ರಿಪೇರಿ ಮಾಡಿಸಿದೆ ಎನ್ನುತ್ತೇನೆ.